ಮಳೆಯಿಲ್ಲದ ಕಾಲದಲ್ಲಿ ಬರುವ ನೆರೆ: ಒಕವಾಂಗೊದ ಡೇರೆವಾಸ

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಸಫಾರಿ ಎಂದೊಡನೆ ನೀವು ಸಿಂಹದ ಕಥೆಗೆ ಕಾದು ಕುಳಿತಿರುತ್ತೀರಿ. ಸಿಂಹ ಬರುತ್ತದೆ, ಅವಸರವಿಲ್ಲ. ಮೊದಲು ನೀರಿನ ವಿಷಯ ಹೇಳಿಬಿಡುತ್ತೇನೆ. ಬೋಟ್ಸ್ವಾನಾ ದೇಶದ ಒಕವಾಂಗೊ ಜೌಗಿನಲ್ಲಿ ಡೇರೆ ಎಲ್ಲಿ ನಿಲ್ಲಬೇಕು, ಈ ತಿಂಗಳು ಜೀಪು ಓಡುತ್ತದೆಯೋ ದೋಣಿಯೋ, ಇದನ್ನೆಲ್ಲ ತೀರ್ಮಾನಿಸುವುದು ನೀರು. ಆ ನೀರೂ ಆ ಊರಿನದಲ್ಲ.

ಅಂಗೋಲಾದ ಎತ್ತರದ ನಾಡಿನಲ್ಲಿ ಜನವರಿ, ಫೆಬ್ರವರಿಯ ಹೊತ್ತಿಗೆ ಜೋರು ಮಳೆ. ಆ ನೀರನ್ನು ಕುಬಾಂಗೊ, ಕುಯಿಟೊ ಎಂಬ ಎರಡು ನದಿಗಳು ಹೊತ್ತು, ಒಂದಾಗಿ, ನಮೀಬಿಯಾದ ಕಿರಿದಾದ ಪಟ್ಟಿಯೊಂದನ್ನು ದಾಟಿ ಮೊಹೆಂಬೊ ಎಂಬಲ್ಲಿ ಬೋಟ್ಸ್ವಾನಾಕ್ಕೆ ಬರುತ್ತವೆ. ಮುಂದೆ ಸಮುದ್ರವಿಲ್ಲ, ಕಲಹಾರಿಯ ಮರಳಿದೆ. ನೆಲ ಎಷ್ಟು ಸಮತಟ್ಟೆಂದರೆ ನೀರಿಗೆ ಓಡಲು ಇಳಿಜಾರೇ ಇಲ್ಲ. ಜೊಂಡಿನ ನಡುವೆ ತಿಂಗಳುಗಟ್ಟಲೆ ತೆವಳುತ್ತದೆ. ಹೀಗಾಗಿ ನೆರೆ ಮೈದುಂಬುವುದು ಜೂನ್‌ನಿಂದ ಆಗಸ್ಟ್ ನಡುವೆ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಆಕಾಶದಿಂದ ಹನಿಯೂ ಬೀಳದ ದಿನಗಳಲ್ಲಿ. ಆಗ ಜೌಗು ತನ್ನ ಕಾಯಂ ವಿಸ್ತೀರ್ಣದ ಸುಮಾರು ಮೂರು ಪಟ್ಟಾಗುತ್ತದೆ. ನಮ್ಮ ಕಬಿನಿ ಹಿನ್ನೀರಿನಲ್ಲಿ ಬೇಸಿಗೆಗೆ ಆನೆಗಳು ಸೇರುವುದು ನೀರು ಇಳಿದು, ಬಿಟ್ಟ ನೆಲದಲ್ಲಿ ಹುಲ್ಲು ಚಿಗುರುವುದರಿಂದ. ಇಲ್ಲಿ ಲೆಕ್ಕ ತಿರುಗುಮುರುಗು: ಸುತ್ತಲಿನ ಕಾಡು ಒಣಗುತ್ತಿರುವಾಗ ನೀರು ಏರುತ್ತದೆ, ಪ್ರಾಣಿಗಳು ಅದರ ಅಂಚಿಗೆ ಬರುತ್ತವೆ.

ಒಂದು ಪ್ರಶ್ನೆ ನಿಮಗೂ ಬರಬೇಕು. ಬಂದ ನೀರಿನ ಬಹುಪಾಲು ಆವಿಯಾಗಿಯೇ ಹೋಗುವುದಾದರೆ, ಸಾವಿರಾರು ವರ್ಷಗಳಲ್ಲಿ ಇದು ಉಪ್ಪಿನ ಕೊಳವಾಗಬೇಕಿತ್ತಲ್ಲ? ಆಗಿಲ್ಲ, ನೀರು ಸಿಹಿಯಾಗಿಯೇ ಇದೆ. ಇದರ ಗುಟ್ಟು ದ್ವೀಪಗಳಲ್ಲಿದೆ. ಅನೇಕ ದ್ವೀಪಗಳು ಹುಟ್ಟುವುದು ಗೆದ್ದಲಿನ ಹುತ್ತದಿಂದ. ನೀರಿನ ಮಟ್ಟಕ್ಕಿಂತ ತುಸು ಮೇಲೆದ್ದ ಹುತ್ತದ ಮೇಲೆ ಹಕ್ಕಿಗಳು ಬೀಜ ಉದುರಿಸುತ್ತವೆ, ಮರ ಏಳುತ್ತದೆ. ಮರಗಳು ಬೇರಿನಿಂದ ನೀರನ್ನು ಹೀರಿ ಲವಣವನ್ನು ಮಣ್ಣಿನಲ್ಲೇ ಬಿಡುತ್ತವೆ. ಆ ಲವಣ ದ್ವೀಪದ ನಡುವಿನ ಕಡೆಗೆ ಸೇರುತ್ತ ಹೋಗುತ್ತದೆ. ವಿಮಾನದಿಂದ ನೋಡಿದರೆ ದ್ವೀಪದ ಅಂಚಿನಲ್ಲಿ ಹಸಿರು ಬಳೆ, ಮಧ್ಯದಲ್ಲಿ ಬೆಳ್ಳಗಿನ ಬಂಜರು. ಇಷ್ಟು ದೊಡ್ಡ ಜೌಗಿನ ಉಪ್ಪಿನ ನಿರ್ವಹಣೆಯನ್ನು ಗೆದ್ದಲು ಮತ್ತು ಮರಗಳು ನಡೆಸುತ್ತಿವೆ. ನನ್ನನ್ನು ಕೇಳಿದರೆ ಸಿಂಹಕ್ಕಿಂತ ಇದೇ ದೊಡ್ಡ ಸೋಜಿಗ. ನಾವು ಉಳಿಯುವ ಡೇರೆಗಳಿರುವುದು ಇಂಥ ದ್ವೀಪಗಳ ಆ ಹಸಿರು ಅಂಚಿನ ನೆರಳಿನಲ್ಲಿ.

ಹೋಗುವುದು ಮೌನ್ ಪಟ್ಟಣದಿಂದ, ಪುಟ್ಟ ವಿಮಾನದಲ್ಲಿ. ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಮಡಚಬಲ್ಲ ಬಟ್ಟೆಯ ಚೀಲವೇ ಬೇಕು, ಅದರ ತೂಕವೂ ಹೆಚ್ಚೆಂದರೆ 20 ಕಿಲೋ. ಇಳಿಯುವ ಮಣ್ಣಿನ ಪಟ್ಟಿಯ ಮೇಲೆ ಆನೆಯೋ ಜೀಬ್ರಾಗಳೋ ಇದ್ದರೆ, ಶಿಬಿರದವರು ಮೊದಲು ಜೀಪಿನಲ್ಲಿ ಬಂದು ಓಡಿಸಬೇಕು.

ಡೇರೆ ಎಂದರೆ ಸ್ಕೌಟ್ ಶಿಬಿರದ್ದನ್ನು ನೆನಪಿಸಿಕೊಳ್ಳಬೇಡಿ. ಮರದ ಕಂಬಗಳ ಮೇಲೆ ಹಲಗೆಯ ಜಗಲಿ, ಅದರ ಮೇಲೆ ಕ್ಯಾನ್ವಾಸ್ ಗೋಡೆ, ಒಳಗೆ ಮಂಚ, ಹಿಂಬದಿಯಲ್ಲಿ ಸ್ನಾನದ ಮನೆ. ಚಳಿಗಾಲದ ರಾತ್ರಿ ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟಿರುತ್ತಾರೆ. ಅದು ಬೇಕೇ ಬೇಕು. ಕ್ಯಾನ್ವಾಸ್ ಅನ್ನು ಬರೀ ಶೋಕಿ ಎಂದು ತಿಳಿಯಬಾರದು. ಇಲ್ಲಿನ ನೆಲ ಶಿಬಿರದವರದ್ದಲ್ಲ, ನಿಗದಿತ ಅವಧಿಗೆ ಗುತ್ತಿಗೆ ಪಡೆದದ್ದು. ಕಾಂಕ್ರೀಟ್ ಸುರಿದು ಶಾಶ್ವತ ಕಟ್ಟಡ ಎಬ್ಬಿಸುವಂತಿಲ್ಲ; ಬಿಟ್ಟು ಹೋಗುವಾಗ ಗುರುತು ಉಳಿಯಬಾರದು. ಕಾಡಂಚಿನಲ್ಲಿ ಸಿಮೆಂಟು ಕಂಡು ಕಂಡು ಬೇಸತ್ತ ನಮಗೆ ಈ ಒಂದು ನಿಯಮವೇ ಹೊಟ್ಟೆಕಿಚ್ಚು ಹುಟ್ಟಿಸುತ್ತದೆ.

ಶಿಬಿರಗಳಿಗೆ ಸಾಮಾನ್ಯವಾಗಿ ಬೇಲಿಯಿಲ್ಲ. ಕತ್ತಲಾದ ಮೇಲೆ ಒಬ್ಬರೇ ಡೇರೆಯಿಂದ ಹೊರಡುವಂತಿಲ್ಲ; ದೀಪ ಹಿಡಿದ ಸಿಬ್ಬಂದಿ ಬಂದು ಊಟಕ್ಕೆ ಕರೆದೊಯ್ದು, ಮತ್ತೆ ತಂದು ಬಿಡುತ್ತಾರೆ. ಕಾರಣ ಮುಖ್ಯವಾಗಿ ನೀರಾನೆ. ಹಗಲೆಲ್ಲ ನೀರಿನಲ್ಲಿ ಮಲಗಿರುವ ಅದು ರಾತ್ರಿ ಹುಲ್ಲು ಮೇಯಲು ದಡಕ್ಕೆ ಬರುತ್ತದೆ. ಅದಕ್ಕೂ ನೀರಿಗೂ ನಡುವೆ ಯಾರೂ ಸಿಗಬಾರದು. ಡೇರೆಯೊಳಗೆ ಮಾತ್ರ ಭಯವಿಲ್ಲ. ಪ್ರಾಣಿಗಳು ಡೇರೆಯನ್ನು ಬಂಡೆಯೋ ಹುತ್ತವೋ ಎಂಬಂತೆ ಬಳಸಿಕೊಂಡು ಹೋಗುತ್ತವೆ, ಜಿಪ್ ಮುಚ್ಚಿರಬೇಕು ಮತ್ತು ಒಳಗೆ ಹಣ್ಣು ಇರಬಾರದು ಅಷ್ಟೆ. ಕೋತಿಗಳಿಗೆ ಜಿಪ್ ಬಿಚ್ಚಲು ಬರುತ್ತದೆ. ಸಿಂಹದ ಗರ್ಜನೆ ಹಲವು ಕಿಲೋಮೀಟರ್ ದೂರದಿಂದ ಕೇಳುತ್ತದೆ. ಪಕ್ಕದಲ್ಲೇ ಇದೆ ಎನ್ನಿಸುವುದು ಕಿವಿಯ ತಪ್ಪು. ಇಲ್ಲಿನ ಸಿಂಹಗಳು ಬೇಟೆಗಾಗಿ ನೀರಿಗೂ ಇಳಿಯುತ್ತವೆ. ತೆರೆದ ಜೀಪಿನಲ್ಲಿ ಅವುಗಳ ಹತ್ತಿರ ಹೋದಾಗ ಎದ್ದು ನಿಲ್ಲಬಾರದು. ಕುಳಿತಿದ್ದರೆ ಜೀಪು, ಜನ ಎಲ್ಲ ಸೇರಿ ಅವಕ್ಕೆ ಒಂದೇ ಆಕಾರ. ಎದ್ದರೆ ಅದು ಮನುಷ್ಯ.

ಮೊಕೊರೊ ಎಂಬ ದೋಣಿಯನ್ನು ಈ ಜೌಗಿಗೆ ತಂದವರು ಬಯೇಯಿ ಜನರು. ಹಿಂದೆ ದೊಡ್ಡ ಮರದ ಬೊಡ್ಡೆಯನ್ನೇ ಕೊರೆದು ಮಾಡುತ್ತಿದ್ದರು. ಈಗ ಮರ ಉಳಿಸಲೆಂದು ಹೆಚ್ಚಿನವು ಫೈಬರ್‌ಗ್ಲಾಸಿನವು. ಅಂಬಿಗ ಹಿಂದೆ ನಿಂತು ಉದ್ದನೆಯ ಕೋಲಿನಿಂದ ತಳ ಒತ್ತುತ್ತಾನೆ, ನೀವು ನೀರಿನ ಮಟ್ಟಕ್ಕೆ ಕುಳಿತಿರುತ್ತೀರಿ. ಎದೆಮಟ್ಟದಲ್ಲಿ ನೈದಿಲೆ, ಜೊಂಡಿನ ಮೇಲೆ ಉಗುರುಗಾತ್ರದ ಕಪ್ಪೆಗಳು. ನೀರಾನೆಗಳು ಓಡಾಡಿ ತೆರೆದಿಟ್ಟ ಕಾಲುವೆಗಳಲ್ಲೇ ದೋಣಿ ಸಾಗುತ್ತದೆ, ಆದರೆ ಅವು ಇರುವ ಆಳದ ಜಾಗವನ್ನು ಅಂಬಿಗ ತಪ್ಪಿಸುತ್ತಾನೆ.

ಜೌಗಿನ ಪೂರ್ವಭಾಗದ ಮೊರೆಮಿ ಅಭಯಾರಣ್ಯವನ್ನು ಬ್ರಿಟಿಷರು ಘೋಷಿಸಿದ್ದಲ್ಲ. ಬೇಟೆಯಿಂದ ಪ್ರಾಣಿಗಳು ಕರಗುತ್ತಿರುವುದನ್ನು ಕಂಡು ಬಟವಾನಾ ಜನರೇ 1963ರಲ್ಲಿ ತಮ್ಮ ನೆಲವನ್ನು ಬಿಟ್ಟುಕೊಟ್ಟರು; ಆಗ ಅವರ ಆಡಳಿತ ನೋಡುತ್ತಿದ್ದವರು ಎಲಿಜಬೆತ್ ಪುಲಾನೆ ಮೊರೆಮಿ ಎಂಬ ಮಹಿಳೆ. ದೇಶ ಸ್ವತಂತ್ರವಾದದ್ದು ಆಮೇಲೆ, 1966ರಲ್ಲಿ. ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅಲ್ಲೇ ಬದುಕಿದ್ದ ಸಾನ್ ಬೇಟೆಗಾರ ಕುಟುಂಬಗಳು ಹೊರಗೆ, ಖ್ವಾಯ್ ಹಳ್ಳಿಗೆ, ಬರಬೇಕಾಯಿತು. ನಾಗರಹೊಳೆಯ ಜೇನುಕುರುಬರ ಪಾಡು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಈಗ ಖ್ವಾಯ್‌ನವರ ಟ್ರಸ್ಟ್ ಪಕ್ಕದ ಕಾಡಿನ ಪ್ರವಾಸೋದ್ಯಮದಿಂದ ಆದಾಯ ಪಡೆಯುತ್ತದೆ. ಕಡಿಮೆ ಜನ, ಹೆಚ್ಚು ಹಣ ಎಂಬುದು ಸರ್ಕಾರದ ನೀತಿ. ಜೌಗು ಉಳಿದಿರುವುದರಲ್ಲಿ ಅದರ ಪಾಲಿದೆ, ಒಪ್ಪುತ್ತೇನೆ. ಆದರೆ ಅಲ್ಲಿನ ಶಾಲಾ ಮಾಸ್ತರರು ಇಂಥ ಡೇರೆಯಲ್ಲಿ ಒಂದು ರಾತ್ರಿ ಉಳಿಯಲಾರರು ಎಂಬುದೂ ನಿಜ.

2014ರಲ್ಲಿ ಯುನೆಸ್ಕೋ ಇದನ್ನು ತನ್ನ ಪಟ್ಟಿಯ ಸಾವಿರನೆಯ ವಿಶ್ವ ಪರಂಪರೆಯ ತಾಣವಾಗಿ ಸೇರಿಸಿತು. ಆ ಗೆರೆಯೊಳಗೆ ಇರುವುದು ಬೋಟ್ಸ್ವಾನಾದ ಭಾಗ ಮಾತ್ರ. ನೀರು ಹುಟ್ಟುವ ಅಂಗೋಲಾ ಹೊರಗಿದೆ. 2002ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು, ನೆಲಬಾಂಬುಗಳಿದ್ದವು; ಆ ನದಿಗಳಿಗೆ ಅಣೆಕಟ್ಟು ಕಟ್ಟುವ ಪುರಸೊತ್ತು ಯಾರಿಗೂ ಇರಲಿಲ್ಲ. ಈಗ ಶಾಂತಿಯಿದೆ, ನೀರಾವರಿಯ ಹಸಿವೂ ಇದೆ, ಅದು ನ್ಯಾಯವಾದ ಹಸಿವೇ. ಮೂರೂ ದೇಶಗಳು 1994ರಲ್ಲೇ ನದಿಗಾಗಿ ಜಂಟಿ ಆಯೋಗ ಮಾಡಿಕೊಂಡಿವೆ. ಕಾವೇರಿಯ ದಡದವರಾದ ನಮಗೆ ಮೇಲಿನವರು, ಕೆಳಗಿನವರು ಎಂಬ ಮಾತಿನ ತೂಕ ಗೊತ್ತು.

ಹೋಗುವವರಿಗೆ ಕೊನೆಯದಾಗಿ ಎರಡು ಮಾತು. ದೋಣಿ ಬೇಕಿದ್ದರೆ ಜೂನ್‌ನಿಂದ ಆಗಸ್ಟ್, ಪ್ರಾಣಿಗಳು ದಟ್ಟವಾಗಿ ಬೇಕಿದ್ದರೆ ಸೆಪ್ಟೆಂಬರ್, ಅಕ್ಟೋಬರ್. ಆಗ ಸೆಕೆ ವಿಪರೀತ. ಮಲೇರಿಯಾ ಮಾತ್ರೆಯ ಬಗ್ಗೆ ಹೊರಡುವ ಮುಂಚೆ ವೈದ್ಯರನ್ನು ಕೇಳಿ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಹೇಳಿ, ಮೊಟ್ಟೆ, ಮೀನು ತಿನ್ನುವಿರೋ ಇಲ್ಲವೋ ಎಂಬುದನ್ನೂ ಸೇರಿಸಿ. ಅಡುಗೆ ಸಾಮಾನು ದೂರದಿಂದ ಬರುವ ಜಾಗ ಅದು; ಊಟಕ್ಕೆ ಕುಳಿತ ಮೇಲೆ ಹೇಳಿದರೆ ಬ್ರೆಡ್ಡು ಬೆಣ್ಣೆಯೇ ಗತಿ. ಇನ್ನು ಪ್ರಶ್ನೆಗಳನ್ನು ಕೇಳಬಹುದು.