ಗೇರ್‌ಬಾಕ್ಸ್ ಬಿಚ್ಚುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲೋ ಅರ್ಧ ಗಂಟೆ ತೆವಳಿದವರಿಗೆ, ಬೆಂಗಳೂರಿನವರು ಆಟೋಮ್ಯಾಟಿಕ್ ಕಾರಿಗೆ ಏಕೆ ಮನಸೋಲುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಾರಿನಲ್ಲಿ ಒಂದು ಜರ್ಕ್ ಕಾಣಿಸಿಕೊಂಡೊಡನೆ ಗೇರ್‌ಬಾಕ್ಸ್ ಇಳಿಸುವ ಮಾತಿಗೇ ಬಂದುಬಿಡುವುದುಂಟು. ಗ್ಯಾರೇಜಿನಲ್ಲಿ ಇಷ್ಟು ವರ್ಷ ದುಡಿದ ನನಗೆ, ಇಳಿಸುವುದಕ್ಕಿಂತ ಮುಂಚಿನ ಕೆಲಸವೇ ಹೆಚ್ಚಿನದಾಗಿ ಕಂಡಿದೆ.

ಮೊದಲಿಗೆ, ಗಾಡಿಯಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಎಂಬುದು ಗೊತ್ತಿರಬೇಕು. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು. ಗೇರ್ ಬದಲಾಗುವಾಗ ಅದು ತುಸು ತಲೆದೂಗುವುದು ಅದರ ಸ್ವಭಾವ, ರೋಗವಲ್ಲ. ನಾನು ಇಂದು ಹೇಳಹೊರಟಿರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ಬಗ್ಗೆ. ಇಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುತ್ತದೆ, ಅದೇ ಎಣ್ಣೆಯ ಒತ್ತಡ ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುತ್ತದೆ, ಮತ್ತು ಯಾವ ಕ್ಲಚ್ಚಿಗೆ ಯಾವಾಗ ಎಣ್ಣೆ ಹೋಗಬೇಕೆಂಬುದನ್ನು ಕಂಪ್ಯೂಟರಿನ ಅಪ್ಪಣೆಯಂತೆ ಸಾಲಿನಾಯ್ಡುಗಳು, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ವಾಲ್ವುಗಳು, ನಡೆಸಿಕೊಡುತ್ತವೆ.

ಹಾಗಾಗಿ ಗಾಡಿ ತಂದವರನ್ನು ನಾನು ಮೊದಲು ಕೇಳುವುದು, ತೊಂದರೆ ಯಾವಾಗ ಬರುತ್ತದೆ ಎಂದು. ಬೆಳಿಗ್ಗೆ ತಣ್ಣಗಿದ್ದಾಗಲೋ, ಟ್ರಾಫಿಕ್‌ನಲ್ಲಿ ಕಾದ ಮೇಲೋ? ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರವೋ, ಎಲ್ಲ ಗೇರಿನಲ್ಲೂ ಇದೆಯೋ? ಒಂದೇ ಗೇರಿನಲ್ಲಿ ಎಂಜಿನ್ ಬರಿದೇ ಅಬ್ಬರಿಸಿ ಗಾಡಿ ಮುಂದೆ ಹೋಗದಿದ್ದರೆ ಆ ಗೇರಿನ ಕ್ಲಚ್ಚನ್ನೋ ಸಾಲಿನಾಯ್ಡನ್ನೋ ಅನುಮಾನಿಸಬೇಕು. ಎಲ್ಲ ಗೇರಿನಲ್ಲೂ ಹಾಗಾದರೆ ಎಣ್ಣೆಯ ಮಟ್ಟ, ಒತ್ತಡಗಳತ್ತ ತಿರುಗಬೇಕು.

ಎಣ್ಣೆ ನೋಡುವುದಕ್ಕೂ ಕ್ರಮವಿದೆ. ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇರುವ ಬಹುಪಾಲು ಕಾರುಗಳಲ್ಲಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಕಾದು ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಕಾರುಗಳಲ್ಲಿ ಗೊತ್ತುಪಡಿಸಿದ ಉಷ್ಣತೆಗೆ ತಂದು ಕೆಳಗಿನ ಪ್ಲಗ್ ಬಿಚ್ಚಿ ನೋಡಬೇಕಾಗುತ್ತದೆ. ನಾನು ಒಂದೆರಡು ತೊಟ್ಟನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡುತ್ತೇನೆ. ಕೆಂಪಗೆ ಹರಡಿದರೆ ಸಮಾಧಾನ. ಕಂದಾಗಿ, ಸೀದ ವಾಸನೆ ಹೊಡೆದರೆ ಕ್ಲಚ್ ಪ್ಲೇಟುಗಳು ಬೆಂದಿರುವ ಶಂಕೆ. ನಸುಗೆಂಪು ಹಾಲಿನಂತೆ ಕಂಡರೆ ನೀರು ಸೇರಿದೆ: ರೇಡಿಯೇಟರಿನೊಳಗೆ ಈ ಎಣ್ಣೆಯನ್ನು ತಣಿಸುವ ಕೂಲರ್ ಸೋರಿರಬಹುದು, ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಗಾಡಿ ಇಳಿದಿರಲೂಬಹುದು. ಅಂಥ ಗಾಡಿಯನ್ನು ಓಡಿಸಿಕೊಂಡು ಬರಲೇಬಾರದು.

ಸ್ಕ್ಯಾನರ್ ಹಾಕಿದರೆ ಕೋಡ್ ಸಿಗುತ್ತದೆ, ನಿಜ. ಪಿ0700 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೇನೋ ದಾಖಲಾಗಿದೆ, ಅದನ್ನು ನೋಡಿ ಎಂದಷ್ಟೇ ಅರ್ಥ. ಪಿ0730 ಬಂದರೆ, ಕೇಳಿದ ಗೇರಿಗೂ ಸಿಕ್ಕ ವೇಗದ ಅನುಪಾತಕ್ಕೂ ತಾಳೆಯಾಗುತ್ತಿಲ್ಲವೆಂದು. ಏಕೆ ಎಂಬುದನ್ನು ಅದು ಹೇಳುವುದಿಲ್ಲ. ಬ್ಯಾಟರಿ ಸೊರಗಿದರೂ ಅರ್ತಿಂಗ್ ವೈರ್ ಸಡಿಲವಾದರೂ ಕೋಡುಗಳ ಸಾಲೇ ಬರಬಹುದು.

ಒಮ್ಮೆ ಜಯನಗರದ ಹಿರಿಯರೊಬ್ಬರು, ಗೇರ್‌ಬಾಕ್ಸ್ ಹೋಗಿದೆಯೆಂದು ಬೇರೆ ಕಡೆ ಹೇಳಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ಬಂದರು. ಲಿವರನ್ನು ಮುಂದಕ್ಕೆ ಹೋಗುವ ಡಿಗೆ ತಂದೊಡನೆ ಧಡ್ ಎಂಬ ಸದ್ದು. ಹುಡುಗನೊಬ್ಬನನ್ನು ಬ್ರೇಕ್ ಒತ್ತಿ ಕೂರಿಸಿ, ಬಾನೆಟ್ ಎತ್ತಿ, ಗಾಡಿಯ ಪಕ್ಕಕ್ಕೆ ನಿಂತು ಡಿ, ಹಿಂದಕ್ಕೆ ಹೋಗುವ ಆರ್ ಎರಡನ್ನೂ ಹಾಕಿಸಿದೆ. ಪ್ರತಿ ಸಲವೂ ಎಂಜಿನ್ ಒಂದು ಕಡೆಗೆ ಎದ್ದು ಬೀಳುತ್ತಿತ್ತು. ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೌಂಟಿನ ರಬ್ಬರ್ ಹರಿದುಹೋಗಿತ್ತು. ಜೆ.ಸಿ. ರಸ್ತೆಯಿಂದ ಹೊಸದನ್ನು ತರಿಸಿ ಹಾಕಿದೆವು, ಸದ್ದು ಅಡಗಿತು. ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

ಇನ್ನೊಂದು ದೂರು, ಗಂಟೆಗೆ ಅರವತ್ತು ಎಪ್ಪತ್ತು ಕಿಲೋಮೀಟರಿನಲ್ಲಿ ಒಂದೇ ಸಮನೆ ಹೋಗುವಾಗ ಸಣ್ಣ ಸಣ್ಣ ಉಬ್ಬುಗಳ ಮೇಲೆ ಓಡಿದಂತೆ ಗಾಡಿ ನಡುಗುವುದು. ಖಾಲಿ ರಸ್ತೆಯಲ್ಲಿ ನುರಿತವರು ಆಕ್ಸಿಲರೇಟರ್ ಬಿಡದೆ, ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಬ್ರೇಕನ್ನು ಸೋಕಿಸಿ ನೋಡಬೇಕು. ಆಗ, ಒಂದೇ ಸಮನೆ ಓಡುವಾಗ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ, ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ ಬಿಡುವುದರಿಂದ ನಡುಕ ತಟ್ಟನೆ ನಿಂತರೆ ದೋಷ ಅದರ ಸುತ್ತಮುತ್ತಲೇ ಇರುವ ಸಂಭವ ಹೆಚ್ಚು, ಕೆಲವೊಮ್ಮೆ ಸರಿಯಾದ ಎಣ್ಣೆ ಬದಲಾಯಿಸಿದರೇ ಗುಣವಾಗುತ್ತದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲುಗಳನ್ನು ನೋಡಿ; ಎಂಜಿನ್ ಮಿಸ್ ಹೊಡೆಯುವುದನ್ನು ಗೇರ್‌ಬಾಕ್ಸಿನ ತಲೆಗೆ ಕಟ್ಟುವುದು ಹೊಸತೇನಲ್ಲ.

ಇಷ್ಟಾದರೂ ಕಾರಣ ಸಿಗದಿದ್ದರೆ ಕೆಳಗಿನ ಆಯಿಲ್ ಪ್ಯಾನ್ ಕಳಚಬೇಕು. ಅದರೊಳಗಿನ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಬಣ್ಣದ ಕೆಸರು ಮೆತ್ತಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರುಗಳೂ ಕರಿ ಪ್ಲೇಟಿನ ತುಣುಕುಗಳೂ ಸಿಕ್ಕರೆ, ಆಗ ಗೇರ್‌ಬಾಕ್ಸನ್ನು ಇಳಿಸಲೇಬೇಕು. ನಮಸ್ಕಾರ.