ಮ್ಯೂಸಿಯಂ ಊರಿನದ್ದು, ಮಾತು ದುಡ್ಡು ಕೊಟ್ಟವರದ್ದಾ?

ನಮಸ್ಕಾರ. ಇವತ್ತು ಸ್ವಲ್ಪ ತಕರಾರು ಮಾಡೋಣ.

ಪಾಲಿಕೆಯ ಮ್ಯೂಸಿಯಂ ಸೊರಗಿದೆ ಅಂದ ಕೂಡಲೇ ಎಲ್ಲರೂ ಹೇಳುವ ಮದ್ದು ಒಂದೇ. ಒಂದು ಸಲಹಾ ಸಮಿತಿ ಮಾಡಿ, ನಾಲ್ಕು ಜನ ದುಡ್ಡಿದ್ದವರನ್ನು ಕೂರಿಸಿ, ಉಳಿದದ್ದು ತಾನಾಗೇ ಆಗುತ್ತೆ. ಆಗಲ್ಲ. ಸಲಹೆ ಕೊಡುವವರನ್ನೂ ದುಡ್ಡು ಎತ್ತುವವರನ್ನೂ ಒಂದೇ ಮೇಜಿಗೆ ಕೂರಿಸಿದರೆ ಚೆಕ್ ಬರೆದವರ ಮಾತೇ ನಡೆಯೋದು. ಇತಿಹಾಸದ ಮೇಷ್ಟ್ರು ಚಹಾ ಕುಡಿದು ಸಹಿ ಹಾಕಿ ಮನೆಗೆ ಹೋಗುತ್ತಾರೆ, ಅಷ್ಟೇ.

ಮುಂಬೈನ ಬೈಕುಲಾದಲ್ಲಿ, ರಾಣಿಬಾಗ್ ಝೂ ಪಕ್ಕದಲ್ಲೇ, ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಇದೆ. ಘಾರಾಪುರಿ (ಎಲಿಫೆಂಟಾ) ದ್ವೀಪದಿಂದ ತಂದ ಕಲ್ಲಿನ ಆನೆ ಹೊರಗೇ ನಿಂತಿದೆ, ನೋಡಿರಬಹುದು. 1872ರಲ್ಲಿ ಬಾಗಿಲು ತೆರೆದ ಈ ಕಟ್ಟಡಕ್ಕೆ ಮೊದಲು ಚಂದಾ ಎತ್ತಿದ್ದು ಊರಿನ ಜನರ ಒಂದು ಸಮಿತಿ. ಅದರಲ್ಲಿ ದೊಡ್ಡ ವ್ಯಾಪಾರಿ ಜಗನ್ನಾಥ ಶಂಕರಶೇಟ್ ಇದ್ದರು, ಈಗ ಮ್ಯೂಸಿಯಂಗೆ ಹೆಸರಾಗಿರುವ ವೈದ್ಯ ಭಾವು ದಾಜಿಯವರೂ ಇದ್ದರು. ಮುಂದೆ ಅದು ಪಾಲಿಕೆ ಕೈಗೆ ಬಂತು, ವರ್ಷಗಟ್ಟಲೆ ಸೊರಗಿತು. 2003ರಲ್ಲಿ ಮುಂಬೈ ಪಾಲಿಕೆ, ಹಳೆಯ ಕಟ್ಟಡ-ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಫೌಂಡೇಶನ್ ಸೇರಿ ಒಪ್ಪಂದ ಮಾಡಿಕೊಂಡವು. ದುರಸ್ತಿ ಗೊತ್ತಿದ್ದವರು ಒಂದು ಕಡೆ, ದುಡ್ಡು ಹಾಕುವವರು ಇನ್ನೊಂದು ಕಡೆ, ಆದರೆ ಮಾಲೀಕತ್ವ ಮಾತ್ರ ಪಾಲಿಕೆ ಬಿಡಲಿಲ್ಲ. 2008ರಲ್ಲಿ ಮತ್ತೆ ತೆರೆಯಿತು. ಈಗ ಒಳಗೆ ಹೋಗಿ ಆ ಹಸಿರು ಬಣ್ಣದ ಎರಕದ ಕಂಬಗಳನ್ನು, ಅದರ ಮೇಲಿನ ಚಿನ್ನದ ಗೆರೆಗಳನ್ನು ನೋಡಿ.

ನಮ್ಮ ಬೆಂಗಳೂರಲ್ಲಿ ಏನಾಯಿತು? ವೆಂಕಟಪ್ಪ ಆರ್ಟ್ ಗ್ಯಾಲರಿ ಪಾಲಿಕೆಯದ್ದಲ್ಲ, ರಾಜ್ಯ ಸರ್ಕಾರದ್ದು, ಆದರೆ ಕಥೆ ಅದೇ ಜಾತಿಯದು. ಖಾಸಗಿ ಪ್ರತಿಷ್ಠಾನದ ಜೊತೆ ಒಪ್ಪಂದ ಆಯಿತು. ಅಲ್ಲೇ ಪ್ರದರ್ಶನ ಮಾಡುತ್ತಾ ಬೆಳೆದ ಕಲಾವಿದರು ನಮ್ಮನ್ನು ಯಾರು ಕೇಳಿದರು ಅಂತ 2016ರಲ್ಲಿ ಪ್ರತಿಭಟನೆಗೆ ಇಳಿದರು. ದುಡ್ಡು ಕೊಡುವವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಸಹಿ ಹಾಕುವ ಮೊದಲೇ ಆ ಕಲಾವಿದರನ್ನು ಕರೆದು ಕೂರಿಸಬೇಕಿತ್ತು, ಅಲ್ವಾ?

ಇನ್ನು ದುಡ್ಡಿನ ವಿಷಯ. ದೇಣಿಗೆ ಪಾಲಿಕೆಯ ಸಾಮಾನ್ಯ ಖಾತೆಗೆ ಬಿದ್ದರೆ ಅದು ರಸ್ತೆ ಗುಂಡಿಗೋ ಚರಂಡಿಗೋ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಗೆಳೆಯರ ಬಳಗ, ಅಂದರೆ ಮ್ಯೂಸಿಯಂಗಾಗಿ ದುಡ್ಡು ಎತ್ತುವವರ ಗುಂಪು, ಅನ್ನೋದು ಬೇರೆಯೇ ನೋಂದಾಯಿತ ಟ್ರಸ್ಟ್ ಆಗಿರಬೇಕು, ಅದಕ್ಕೆ ಅದರದ್ದೇ ಬ್ಯಾಂಕ್ ಖಾತೆ, ಆಡಿಟ್ ಎಲ್ಲಾ ಇರಬೇಕು. ಅಮೆರಿಕದ ಪೌರತ್ವ ತಗೊಂಡ ನಮ್ಮ ಕನ್ನಡದವರು ಕೊಡ್ತೀವಿ ಅಂದರೂ ವಿದೇಶಿ ದೇಣಿಗೆಯ ಅನುಮತಿ ಇಲ್ಲದೆ ಒಂದು ಡಾಲರೂ ಮುಟ್ಟುವಂತಿಲ್ಲ. ಆಮೇಲೆ ಇನ್ನೊಂದು ತಮಾಷೆ ಇದೆ. ಬಳಗ ದುಡ್ಡು ತಂದ ಕೂಡಲೇ, "ಓ, ಇವರ ಹತ್ತಿರ ಇದೆಯಲ್ಲ" ಅಂತ ಪಾಲಿಕೆ ತನ್ನ ಅನುದಾನ ಕಡಿಮೆ ಮಾಡೋದು. ಹೊಸ ಗ್ಯಾಲರಿಗೆ ಹೆಸರಿನ ಫಲಕ ಹಾಕಿಸಿಕೊಳ್ಳಲು ದಾನಿಗಳು ಸಿಗುತ್ತಾರೆ. ಕರೆಂಟ್ ಬಿಲ್ಲಿಗೆ, ಕಾವಲುಗಾರನ ಸಂಬಳಕ್ಕೆ, ಸೋರುವ ಸೂರಿಗೆ ಯಾರೂ ಫಲಕ ಕೇಳಲ್ಲ. ಆ ಖರ್ಚು ಪಾಲಿಕೆಯದ್ದೇ ಅಂತ ಒಪ್ಪಂದದಲ್ಲೇ ಬರೆಸಿ.

ನಿಮ್ಮೂರಲ್ಲಿ ಇಂಥ ಸಮಿತಿ ಇದ್ದರೆ ಸುಮ್ನೆ ಒಂದು ಕೆಲಸ ಮಾಡಿ. ಅದರ ಕಳೆದ ಸಭೆ ಯಾವಾಗ ಆಯಿತು, ಯಾರು ಬಂದಿದ್ದರು ಅಂತ ನಡಾವಳಿ ಕೇಳಿ. ಆರ್‌ಟಿಐ ಅರ್ಜಿಗೆ ಹತ್ತೇ ರೂಪಾಯಿ. ಬಂದ ಉತ್ತರವನ್ನು ಕಾಮೆಂಟಲ್ಲಿ ಹಾಕಿ, ಮುಂದಿನ ವಾರ ಓದೋಣ.