ಬದನೆ, ಬೆಕ್ಕು, ಕಾಫಿ ದೂಳು: ಅಲರ್ಜಿಯ ಪ್ರೋಟೀನು ಹುಡುಕುವ ಬಗೆ

ಕೇಳುಗರಿಗೆ ನಮಸ್ಕಾರ.

ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಹೋಳು ಕಪ್ಪಗಾಗುತ್ತದೆ. ಹಾಗೆ ಕಪ್ಪು ಮಾಡುವುದು ಕಾಯಿಯೊಳಗಿನ ಒಂದು ಕಿಣ್ವ, ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ಕಿಣ್ವ ಅಂದರೆ ಅದೂ ಪ್ರೋಟೀನೇ. ಬದನೆ ತಿಂದರೆ ಬಾಯಿ ತುರಿಸುತ್ತದೆ, ಗಂಟಲು ಕೆರೆಯುತ್ತದೆ, ಮೈಮೇಲೆ ಗಂಧೆ ಏಳುತ್ತದೆ ಅನ್ನುವವರು ನಮ್ಮ ಹಾಸನದ ಕಡೆ ಬೇಕಾದಷ್ಟು ಜನ ಸಿಗುತ್ತಾರೆ. ಬದನೆ ನಂಜು ಅಂತ ಹಿರಿಯರು ದೂರ ಇಟ್ಟಿದ್ದೂ ಉಂಟು. ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವೈ.ಪಿ. ವೆಂಕಟೇಶ್ ಅವರ ತಂಡ ಈ ನಂಜನ್ನೇ ವರ್ಷಗಟ್ಟಲೆ ಬೆನ್ನು ಹತ್ತಿತು. ಬದನೆ ಅಲರ್ಜಿ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂದು ಅವರಿಗೆ ಕಂಡಿತು. ಅಲರ್ಜಿ ತರುವ ವಸ್ತುಗಳು ತಿರುಳಿಗಿಂತ ಸಿಪ್ಪೆಯಲ್ಲಿ ಜಾಸ್ತಿ ಅನ್ನುವುದೂ ಗೊತ್ತಾಯಿತು. ಕೊನೆಗೆ 2017ರಲ್ಲಿ ಅವರು ಬೊಟ್ಟು ಮಾಡಿ ತೋರಿಸಿದ ಒಂದು ಮುಖ್ಯ ಪ್ರೋಟೀನು ಯಾವುದು ಅಂದರೆ, ಹೋಳು ಕಪ್ಪು ಮಾಡುವ ಇದೇ ಕಿಣ್ವ.

ನಾನು ಜೀವರಸಾಯನ ವಿಜ್ಞಾನದ ಪಾಠ ಹೇಳುವವನು, ವೈದ್ಯನಲ್ಲ. ಹಾಗಾಗಿ ಔಷಧಿಯ ವಿಚಾರಕ್ಕಿಂತ ಹುಡುಕಾಟದ ವಿಚಾರವೇ ನನಗೆ ಹೆಚ್ಚು ರುಚಿ. ನನ್ನ ಮಟ್ಟಿಗೆ ಬದನೆ ಅಲರ್ಜಿ, ಬೆಕ್ಕಿನ ಅಲರ್ಜಿ ಅನ್ನುವುದು ಅರ್ಧ ಉತ್ತರ. ಅದರೊಳಗಿನ ಯಾವ ಪ್ರೋಟೀನು ಅಂತ ಗೊತ್ತಾಗುವವರೆಗೆ ಏನು ಬಿಡಬೇಕು, ಏನು ಬಿಡಬೇಕಿಲ್ಲ ಅನ್ನುವುದು ತಿಳಿಯುವುದಿಲ್ಲ.

ಅಲರ್ಜಿಯ ಕಾರಣ ರಕ್ತದಲ್ಲಿದೆ ಅಂತ ತೋರಿಸಿದ್ದು 1921ರಲ್ಲಿ, ಜರ್ಮನಿಯ ಇಬ್ಬರು ವೈದ್ಯರು. ಅವರಲ್ಲಿ ಕುಸ್ಟ್‌ನರ್ ಎಂಬವರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ ತೆಗೆದು ಇನ್ನೊಬ್ಬರಾದ ಪ್ರಾಸ್ನಿಟ್ಸ್ ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ದದ್ದು ಎದ್ದಿತು. ಇವತ್ತು ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪುವುದಿಲ್ಲ ಬಿಡಿ. ರಕ್ತದಲ್ಲಿದ್ದ ಆ ವಸ್ತು ಐಜಿಇ ಎಂಬ ಪ್ರತಿಕಾಯ, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯಲು ದೇಹ ಮಾಡಿಕೊಳ್ಳುವ ಪ್ರೋಟೀನು ಅಂತ ಗೊತ್ತಾಗಲು 1960ರ ದಶಕದ ಕೊನೆ ಬರಬೇಕಾಯಿತು. ಜಪಾನಿನ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು.

ಈಗ ಹುಡುಕುವುದು ಆ ಐಜಿಇಯ ಸಹಾಯದಿಂದಲೇ. ಬದನೆಯನ್ನು ಅರೆದು, ಸೋಸಿ, ಸಾರ ತೆಗೆಯುತ್ತಾರೆ. ಅದರಲ್ಲಿ ನೂರಾರು ಪ್ರೋಟೀನುಗಳು ಬೆರೆತಿರುತ್ತವೆ. ಸಾರವನ್ನು ಜೆಲ್ ಹಾಳೆಯ ಒಂದು ತುದಿಗೆ ಹಾಕಿ ವಿದ್ಯುತ್ ಹರಿಸಿದರೆ ಸಣ್ಣ ಪ್ರೋಟೀನುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ, ಗಾತ್ರಕ್ಕೊಂದು ಗೆರೆ ಮೂಡುತ್ತದೆ. ಗೆರೆಗಳನ್ನು ಇದ್ದ ಹಾಗೇ ತೆಳುವಾದ ಪೊರೆಗೆ ಇಳಿಸಿ, ಮೇಲೆ ರೋಗಿಯ ಸೀರಂ ಹಾಕುತ್ತಾರೆ. ಅವರ ಐಜಿಇ ಎಲ್ಲ ಗೆರೆಗಳಿಗೂ ಅಂಟುವುದಿಲ್ಲ, ಒಂದೆರಡಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಆ ಗೆರೆಯನ್ನು ಕತ್ತರಿಸಿ, ಪ್ರೋಟೀನನ್ನು ತುಂಡು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿದರೆ ಹೆಸರು ಸಿಗುತ್ತದೆ.

ಅಲರ್ಜಿ ತರುವುದೆಲ್ಲ ಪ್ರೋಟೀನೇ ಆಗಿರಬೇಕೆಂದೇನೂ ಇಲ್ಲ. ದಾಳಿಂಬೆ ತಿಂದು ಪ್ರಾಣಾಪಾಯದವರೆಗೆ ಹೋದ ಒಬ್ಬ ರೋಗಿಯ ವಿಷಯದಲ್ಲಿ ಇದೇ ಮೈಸೂರಿನ ಸಂಶೋಧಕರು 2002ರಲ್ಲಿ ಕಂಡುಹಿಡಿದದ್ದು ಮ್ಯಾನಿಟಾಲ್ ಅನ್ನುವ ಸಿಹಿ ಪದಾರ್ಥ. ಅಣಬೆಯಲ್ಲೂ ಅದೇ ಸಿಕ್ಕಿತು.

ಬೆಕ್ಕಿನ ಕಡೆ ಬರೋಣ. ಬೆಕ್ಕಿನ ಕೂದಲಿಂದ ಸೀನು ಬರುತ್ತದೆ ಅನ್ನುತ್ತೇವೆ. ಕೂದಲು ಬರೀ ಗಾಡಿ, ಸವಾರಿ ಮಾಡುವವನು ಬೇರೆ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ತಯಾರಾಗುವ ಫೆಲ್ ಡಿ 1 ಎಂಬ ಪ್ರೋಟೀನು ಅದು. ಬೆಕ್ಕಿನ ಶಾಸ್ತ್ರೀಯ ಹೆಸರು ಫೆಲಿಸ್ ಡೊಮೆಸ್ಟಿಕಸ್ ಅಲ್ಲವೇ, ಅದರಿಂದ ಬಂದ ಹೆಸರು. ಬೆಕ್ಕಿನ ಅಲರ್ಜಿ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಐಜಿಇ ಇದನ್ನೇ ಹಿಡಿಯುತ್ತದೆ. ಬೆಕ್ಕು ಮೈ ನೆಕ್ಕುತ್ತದೆ, ಜೊಲ್ಲು ಒಣಗುತ್ತದೆ, ಪುಡಿ ಗಾಳಿಯಲ್ಲಿ ತೇಲುತ್ತದೆ, ಬಟ್ಟೆಗೆ ಅಂಟಿ ಬೆಕ್ಕಿಲ್ಲದ ಮನೆಗೂ ಹೋಗುತ್ತದೆ.

ನಾಯಿಯದು ಇನ್ನೂ ಸ್ವಾರಸ್ಯ. ನಾಯಿಯ ಅಲರ್ಜಿ ಪ್ರೋಟೀನುಗಳಲ್ಲಿ ಕ್ಯಾನ್ ಎಫ್ 5 ಅನ್ನುವುದು ತಯಾರಾಗುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಕೆಲವರ ಐಜಿಇ ಇದೊಂದಕ್ಕೇ ಅಂಟುತ್ತದೆ. ಅಂಥವರಲ್ಲಿ ಹಲವರು ಹೆಣ್ಣು ನಾಯಿಯನ್ನು ಸಹಿಸಬಲ್ಲರು ಎಂದು ಪರೀಕ್ಷೆಗಳಲ್ಲಿ ಕಂಡಿದೆ. ನಾಯಿಯೇ ಬೇಡ ಅಂತ ಹೇಳಿಸಿಕೊಂಡು ಬಂದವರಿಗೆ ಇದೇನು ಸಣ್ಣ ಸುದ್ದಿಯೇ? ತೋಟದ ಮನೆಯಲ್ಲಿ ನಾಯಿ ಇಲ್ಲದೆ ಆಗುತ್ತದೆಯೇ?

ಸಕಲೇಶಪುರ, ಮೂಡಿಗೆರೆ ಕಡೆ ಹಂದಿ ಮಾಂಸ ತಿನ್ನುವ ಮನೆಗಳಿವೆ. ಬೆಕ್ಕಿನ ಅಲರ್ಜಿ ಇದ್ದ ಕೆಲವರಿಗೆ ಹಂದಿ ಮಾಂಸವೂ ಆಗದೆ ಹೋಗುವುದುಂಟು. ಬೆಕ್ಕಿನ ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಹುಟ್ಟಿದ ಐಜಿಇ, ಹಂದಿಯ ಆಲ್ಬುಮಿನನ್ನೂ ಅದೇ ಎಂದು ತಿಳಿದು ಹಿಡಿಯುತ್ತದೆ. ಇವರಿಗೆ ತಿಂದು ಸ್ವಲ್ಪ ಹೊತ್ತಿನಲ್ಲೇ ತೊಂದರೆ ಶುರು. ಸರಿಯಾಗಿ ಬೇಯದ, ಹೊಗೆ ಹಿಡಿಸಿದ ಮಾಂಸದಲ್ಲಿ ಜಾಸ್ತಿ. ಅಮೆರಿಕದಲ್ಲಿ ಒಂದು ಜಾತಿಯ ಉಣುಗು, ಅಂದರೆ ರಕ್ತ ಹೀರುವ ಹುಳ ಕಚ್ಚಿದ ಕೆಲವರಿಗೂ ಹಂದಿ, ದನ, ಕುರಿ ಮಾಂಸ ಆಗದೆ ಹೋಗುತ್ತದೆ. ಅಲ್ಲಿ ಕಾರಣ ಆಲ್ಫಾ ಗ್ಯಾಲ್ ಎಂಬ ಸಕ್ಕರೆ, ತೊಂದರೆ ಬರುವುದು ತಿಂದ 3ರಿಂದ 6 ಗಂಟೆಯ ಮೇಲೆ. ರಾತ್ರಿ ಊಟ ಮಾಡಿ ಮಲಗಿದವರು ನಡುರಾತ್ರಿ ಮೈ ತುರಿಸುತ್ತ ಏಳುತ್ತಾರೆ, ಮಾಂಸದ ಮೇಲೆ ಅನುಮಾನವೇ ಬರುವುದಿಲ್ಲ. ಒಂದೇ ಮಾಂಸ, ಎರಡು ಬೇರೆ ಬೇರೆ ಕಾಯಿಲೆ. ತಿಂದು ಎಷ್ಟು ಹೊತ್ತಿಗೆ ಅನ್ನುವ ಪ್ರಶ್ನೆಯೇ ಅವೆರಡನ್ನೂ ಬಿಡಿಸುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಏಡಿ ಸಾರು ಬೇಕೇ ಬೇಕು. ಏಡಿ, ಸಿಗಡಿಗಳ ಸ್ನಾಯುವಿನಲ್ಲಿ ಟ್ರೋಪೊಮಯೋಸಿನ್ ಎಂಬ ಪ್ರೋಟೀನಿದೆ, ಎಷ್ಟು ಬೇಯಿಸಿದರೂ ಬಗ್ಗದು. ಜಿರಲೆಯಲ್ಲೂ, ಥಂಡಿ ಹಿಡಿದ ಹಾಸಿಗೆಯ ದೂಳಿನ ಹುಳದಲ್ಲೂ ಸುಮಾರು ಅದೇ ರೂಪದ್ದು ಇದೆ. ಹಾಸಿಗೆ ದೂಳಿಗೆ ಸೀನುವವರಲ್ಲಿ ಕೆಲವರಿಗೆ ಏಡಿಯೂ ಒಗ್ಗದಿರುವುದು ಇದೇ ಕಾರಣಕ್ಕೆ. ಹಾಗೆಯೇ ರಬ್ಬರ್ ಕೈಗವಸು ತೊಟ್ಟರೆ ತುರಿಸುವವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ತಿಂದರೂ ತುರಿಸುವುದುಂಟು.

ಕಾಫಿ ನಾಡಿನವರು ಇನ್ನೊಂದನ್ನು ತಿಳಿದಿರಬೇಕು. 2012ರಲ್ಲಿ ಜರ್ಮನಿಯ ಸಂಶೋಧಕರು ಹುರಿಯದ ಕಾಫಿ ಬೀಜದಲ್ಲಿ ಕಾಫ್ ಎ 1 ಎಂಬ ಪ್ರೋಟೀನನ್ನು ಗುರುತಿಸಿದರು. ಕೈಟಿನೇಸ್ ಜಾತಿಯ ಕಿಣ್ವ ಅದು, ಗಿಡಗಳು ಶಿಲೀಂಧ್ರದಿಂದ ತಮ್ಮನ್ನು ಕಾಪಾಡಿಕೊಳ್ಳಲು ಮಾಡಿಕೊಳ್ಳುವಂಥದ್ದು. ಹಸಿ ಬೀಜದ ದೂಳಿನಲ್ಲಿ ದಿನವಿಡೀ ದುಡಿಯುವವರಿಗೆ ಕಣ್ಣು ಉರಿ, ಮೂಗು ಸೋರುವುದು, ಉಬ್ಬಸ ಬರುವುದು ಹಳೆಯ ಸಂಗತಿ. ಅದರಲ್ಲಿ ಒಂದು ಪಾಲು ಕಾಫಿಯದ್ದೇ ಅಲ್ಲ, ಹಿಂದೆ ಹರಳು ಬೀಜ ತುಂಬಿದ್ದ ಗೋಣಿಚೀಲಗಳಿಂದ ಬಂದದ್ದು ಅಂತಲೂ ಕಂಡುಬಂದಿದೆ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಉಬ್ಬಸ ಪಡುವ ಹೆಣ್ಣಾಳಿಗೆ ಒಂದು ಮಾಸ್ಕು, ಚೊಕ್ಕಟವಾದ ಚೀಲ ಕೊಡುವುದು ಮಾಲೀಕರಿಗೆ ಭಾರವಾಗಬಾರದು ಅಂತ ನನಗನ್ನಿಸುತ್ತದೆ.

ಈಗ ಎಚ್ಚರಿಕೆಯ ಮಾತು. ಬೆಂಗಳೂರು ಮತ್ತು ಮೈಸೂರಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ವಯಸ್ಕರ ರಕ್ತ ನೋಡಿದಾಗ ಶೇಕಡಾ 26.5ರಷ್ಟು ಮಂದಿಯಲ್ಲಿ ಯಾವುದಾದರೂ ಆಹಾರಕ್ಕೆ ಐಜಿಇ ಇತ್ತು. ನಿಜವಾಗಿ ಆಹಾರದ ಅಲರ್ಜಿ ಇರಬಹುದು ಅನ್ನಿಸಿದವರು ಶೇಕಡಾ 1.2 ಮಾತ್ರ. ಅಂದರೆ ರಕ್ತದ ವರದಿಯಲ್ಲಿ ಪಾಸಿಟಿವ್ ಬಂದವರಲ್ಲಿ ಬಹುತೇಕರು ಅದನ್ನೇ ತಿಂದು ಆರಾಮಾಗಿದ್ದಾರೆ. ನೂರು ಆಹಾರಕ್ಕೆ ಒಂದೇ ಪರೀಕ್ಷೆ ಅಂತ ಪ್ಯಾಕೇಜ್ ಮಾರುವವರ ವರದಿ ಹಿಡಿದು ಮಗುವಿಗೆ ಹಾಲು, ಮೊಟ್ಟೆ, ಬೇಳೆ ಎಲ್ಲ ನಿಲ್ಲಿಸಬೇಡಿ. ಅದರಲ್ಲೂ ಐಜಿಇ ಬದಲು ಐಜಿಜಿ ಎಂಬ ಬೇರೆ ಪ್ರತಿಕಾಯದ ಹೆಸರು ಬರೆದಿದ್ದರೆ ಆ ಕಾಗದಕ್ಕೆ ಅಲರ್ಜಿಯ ಮಟ್ಟಿಗೆ ಬೆಲೆಯೇ ಇಲ್ಲ.

ತಿಂದ ಮೇಲೆ ಉಸಿರು ಕಟ್ಟಿದರೆ, ಗಂಟಲು ಊದಿದರೆ, ತಲೆ ಸುತ್ತಿ ಬಿದ್ದರೆ ತುರಿಕೆ ಮಾತ್ರೆ ನುಂಗಿ ಕಾಯುತ್ತ ಕೂರಬೇಡಿ. ಬೇಕಾದದ್ದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಫೋನ್ ಮಾಡಿ.

ಉಳಿದ ದಿನಗಳಲ್ಲಿ ವೈದ್ಯರ ಹತ್ತಿರ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ. ತಿಂದದ್ದು ಹಸಿಯೋ ಬೆಂದದ್ದೋ, ಸಿಪ್ಪೆ ಇತ್ತೋ ಇಲ್ಲವೋ, ತಿಂದು ಎಷ್ಟು ಹೊತ್ತಿಗೆ ಶುರುವಾಯಿತು, ಮನೆಯಲ್ಲಿ ಬೆಕ್ಕಿದೆಯೇ, ನಾಯಿ ಗಂಡೋ ಹೆಣ್ಣೋ, ಕೆಲಸ ಯಾವ ದೂಳಿನಲ್ಲಿ. ಅಂಗಡಿಯ ತಿಂಡಿಯಾಗಿದ್ದರೆ ಅದರ ಪೊಟ್ಟಣವನ್ನೇ ಒಯ್ಯಿರಿ.

ನಮಸ್ಕಾರ.